ಹೊಲದಡಿಯ ಹಗೇವು: ಕಿತ್ತಷ್ಟೂ ಕಳೆ ಬರುವುದೆಲ್ಲಿಂದ?

ಹೋದ ವರ್ಷ ನಮ್ಮ ರಾಗಿ ಹೊಲಕ್ಕೆ ಎರಡು ಸಲ ಎಡೆಕುಂಟೆ ಹೊಡೆಸಿದ್ದೆವು. ಆಮೇಲೆ ಆಳು ಹಚ್ಚಿ ಸಾಲಿನೊಳಗಿನ ಕಳೆಯನ್ನೂ ಕೈಯಲ್ಲಿ ಕೀಳಿಸಿದ್ದೆವು. ಈ ವರ್ಷ ಮೊದಲ ಹದ ಮಳೆ ಬಿದ್ದ ಎಂಟನೇ ದಿನ ಹೋಗಿ ನೋಡಿದರೆ ನೆಲವೆಲ್ಲ ಹಸಿರು. ಅಣ್ಣೆ ಸೊಪ್ಪು, ಕಿರಕಸಾಲೆ, ಪಾರ್ಥೇನಿಯಂ, ಅಲ್ಲಲ್ಲಿ ಜೇಕು. ಪಕ್ಕದ ಹೊಲದ ಹಿರಿಯರು ಬದುವಿನ ಮೇಲೆ ನಿಂತು, "ಅಷ್ಟು ಕಿತ್ತರೂ ಹಿಂಗೆ ಬರ್ತೈತಲ್ಲಪ್ಪಾ, ಗಾಳೀಲಿ ಹಾರ್ಕೊಂಡು ಬರ್ತೈತಾ?" ಅಂದರು.

ಗಾಳಿಯಲ್ಲಿ ಬರುವುದೂ ಉಂಟು. ಆದರೆ ಬಹುಪಾಲು ಕಳೆ ಎಲ್ಲಿಂದಲೂ ಬರುವುದಿಲ್ಲ. ಅದು ಆ ಮಣ್ಣಿನಲ್ಲೇ ಇರುತ್ತದೆ.

ಹಿಂದೆ ನಮ್ಮ ಹಳ್ಳಿಗಳಲ್ಲಿ ರಾಗಿ, ಜೋಳ ತುಂಬಿಡಲು ನೆಲದಡಿ ಹಗೇವು ತೋಡುತ್ತಿದ್ದರು. ಬಾಯಿ ಮುಚ್ಚಿ ಮಣ್ಣು ಮೆತ್ತಿದರೆ ಕಾಳು ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಬರ ಬಂದಾಗ ತೆಗೆದು ಉಣ್ಣುತ್ತಿದ್ದರು. ಕಳೆಗೂ ಅಂಥದೇ ಒಂದು ಹಗೇವು ಪ್ರತಿ ಹೊಲದಡಿ ಇದೆ. ವಿಜ್ಞಾನಿಗಳು ಅದನ್ನು ಕಳೆಬೀಜದ ಬ್ಯಾಂಕ್ ಅನ್ನುತ್ತಾರೆ. ಉಳುಮೆಯಾಗುವ ಒಂದು ಚದರ ಮೀಟರ್ ನೆಲದಲ್ಲಿ ಸಾವಿರಾರು ಬೀಜ ಇರುವುದು ಮಾಮೂಲು. ಕೆಲವು ಕಡೆ ಹತ್ತಾರು ಸಾವಿರ ಸಿಕ್ಕಿವೆ. ಇದರಲ್ಲಿ ಒಂದು ವರ್ಷಕ್ಕೆ ಮೊಳೆತು ಮೇಲೆ ಬರುವುದು ಸಾಮಾನ್ಯವಾಗಿ ನೂರಕ್ಕೆ ಹತ್ತಕ್ಕಿಂತ ಕಡಿಮೆ. ಅಂದರೆ ನಾವು ಬೆವರು ಸುರಿಸಿ ಕೀಳುವುದು ಆ ಹತ್ತನ್ನು. ಉಳಿದದ್ದು ಕೆಳಗೆ ಹಾಗೇ ಇರುತ್ತದೆ.

ಇಲ್ಲಿ ನಾನು ಹೇಳಬೇಕೆಂದಿರುವುದು ಒಂದೇ ಮಾತು. ಬೆಳೆ ಉಳಿಸಿಕೊಳ್ಳಲು ಕಳೆ ತೆಗೆಯುವುದು ಒಂದು ಕೆಲಸ. ಹಗೇವು ತುಂಬದ ಹಾಗೆ ನೋಡಿಕೊಳ್ಳುವುದು ಇನ್ನೊಂದು ಕೆಲಸ. ಮೊದಲನೆಯದನ್ನು ನಾವು ಚೆನ್ನಾಗಿಯೇ ಮಾಡುತ್ತೇವೆ. ಎರಡನೆಯದು ಕೆಲಸ ಅಂತ ಲೆಕ್ಕಕ್ಕೇ ಬರುವುದಿಲ್ಲ. ಕಳೆಯ ಖರ್ಚು ವರ್ಷ ವರ್ಷ ಏರುವುದಕ್ಕೆ ಕೂಲಿ ದರದ ಜೊತೆಗೆ ಇದೂ ಒಂದು ಕಾರಣ.

ಬೀಜ ಯಾಕೆ ಸಾಯುವುದಿಲ್ಲ

ನಾವು ಬಿತ್ತುವ ರಾಗಿ, ಭತ್ತ, ತೊಗರಿ ಎಲ್ಲ ಒಟ್ಟಿಗೆ ಮೊಳೆಯುತ್ತವೆ. ಸಾವಿರಾರು ವರ್ಷ ಮನುಷ್ಯ ಹಾಗೆ ಮೊಳೆಯುವ ಬೀಜವನ್ನೇ ಆರಿಸಿಕೊಂಡು ಬಂದಿದ್ದಾನೆ. ಕಳೆಯನ್ನು ಯಾರೂ ಹಾಗೆ ಪಳಗಿಸಲಿಲ್ಲ. ಒಂದೇ ಗಿಡದ ಬೀಜಗಳಲ್ಲಿ ಕೆಲವು ಈ ಮಳೆಗೆ ಮೊಳೆಯುತ್ತವೆ, ಕೆಲವು ಮುಂದಿನ ವರ್ಷಕ್ಕೆ, ಇನ್ನು ಕೆಲವು ಹತ್ತು ವರ್ಷ ಬಿಟ್ಟು. ಒಂದು ವರ್ಷ ಎಲ್ಲ ಸತ್ತರೂ ಕುಲ ಉಳಿಯುತ್ತದೆ. ಈ ನಿದ್ದೆಯೇ ಕಳೆಯ ಶಕ್ತಿ.

ನಿದ್ದೆಯಿಂದ ಎಬ್ಬಿಸುವ ಸಂಗತಿಗಳು ಹಲವು. ಗಟ್ಟಿ ಸಿಪ್ಪೆಯ ಬೀಜಕ್ಕೆ ಸಿಪ್ಪೆ ಸವೆದು ನೀರು ಒಳಗೆ ಇಳಿಯಬೇಕು. ಕೆಲವಕ್ಕೆ ಹಗಲು ಬಿಸಿ, ರಾತ್ರಿ ತಂಪು ಬೇಕು. ಹಗಲಿಗೂ ರಾತ್ರಿಗೂ ಬಿಸಿಯ ವ್ಯತ್ಯಾಸ ಜಾಸ್ತಿ ಇದ್ದರೆ ತಾನು ನೆಲದ ಮೇಲ್ಪದರದಲ್ಲಿದ್ದೇನೆ ಅಂತ ಬೀಜಕ್ಕೆ ಗೊತ್ತಾಗುತ್ತದೆ. ಸಣ್ಣ ಬೀಜಗಳಲ್ಲಿ ಬಹಳಷ್ಟಕ್ಕೆ ಬೆಳಕು ಬೇಕು. ಸಾಸಿವೆಗಿಂತ ಚಿಕ್ಕ ಬೀಜ ನಾಲ್ಕು ಅಂಗುಲ ಆಳದಿಂದ ಮೇಲೆ ಬರುವಷ್ಟು ಬುತ್ತಿ ಕಟ್ಟಿಕೊಂಡಿರುವುದಿಲ್ಲ. ಹಾಗಾಗಿ ಮೇಲಿನ ಒಂದು ಅಂಗುಲದಲ್ಲಿದ್ದರೆ ಮಾತ್ರ ಅದು ಮೊಳೆಯುತ್ತದೆ. ಉಳುಮೆ ಮಾಡುವಾಗ ಮಣ್ಣು ಮಗುಚಿ ಒಂದು ಕ್ಷಣ ಬಿಸಿಲು ತಗುಲಿದರೆ ಸಾಕು, ಎಷ್ಟೋ ಬೀಜಗಳು ಎಚ್ಚರವಾಗುತ್ತವೆ. ಜರ್ಮನಿಯಲ್ಲಿ ಇದೇ ಕಾರಣಕ್ಕೆ ರಾತ್ರಿ ಕತ್ತಲಲ್ಲಿ ಉತ್ತು ನೋಡಿದವರಿದ್ದಾರೆ. ಕೆಲವು ಕಡೆ ಕಳೆ ಕಡಿಮೆಯಾಯಿತು, ಕೆಲವು ಕಡೆ ಏನೂ ಆಗಲಿಲ್ಲ.

ಎಷ್ಟು ವರ್ಷ ಬದುಕುತ್ತವೆ? ಅಮೆರಿಕದ ಮಿಷಿಗನ್‌ನಲ್ಲಿ ವಿಲಿಯಂ ಜೇಮ್ಸ್ ಬೀಲ್ ಎಂಬ ಸಸ್ಯಶಾಸ್ತ್ರಜ್ಞ 1879ರಲ್ಲಿ ಇದೇ ಪ್ರಶ್ನೆ ಹಿಡಿದು ಹೊರಟ. 20 ಬಾಟಲಿಗಳಲ್ಲಿ ಮರಳಿನ ಜೊತೆ ಹಲವು ಜಾತಿಯ ಬೀಜ ಬೆರೆಸಿ ನೆಲದಲ್ಲಿ ಹೂತಿಟ್ಟ. ಅವನು ಸತ್ತ ಮೇಲೂ ಬೇರೆಯವರು ಒಂದೊಂದೇ ಬಾಟಲಿ ತೆಗೆದು ಮೊಳೆಸುತ್ತ ಬಂದಿದ್ದಾರೆ. 2021ರಲ್ಲಿ ತೆಗೆದ ಬಾಟಲಿಯಲ್ಲೂ ಒಂದು ಜಾತಿಯ ಬೀಜ ಮೊಳೆಯಿತು, 142 ವರ್ಷದ ಮೇಲೆ! ನಮಗೆ ಹತ್ತಿರದ ಸುದ್ದಿ ಇನ್ನೊಂದಿದೆ. ಆ ಬಾಟಲಿಗಳಲ್ಲಿ ಗೋಣಿ ಸೊಪ್ಪೂ ಇತ್ತು, ದಂಟಿನ ಜಾತಿಯ ಒಂದು ಕಳೆಯೂ ಇತ್ತು. ಎರಡೂ ಸುಮಾರು 40 ವರ್ಷದ ತನಕ ಮೊಳೆಯುವ ಶಕ್ತಿ ಉಳಿಸಿಕೊಂಡಿದ್ದವು.

ಇದನ್ನು ಓದಿ ಕೈಚೆಲ್ಲಬೇಕಿಲ್ಲ. ಬಾಟಲಿಯೊಳಗಿನ ಬೀಜಕ್ಕೆ ಇರುವೆ ಕಾಟವಿಲ್ಲ, ಕುಂಟೆ ತಾಗುವುದಿಲ್ಲ. ನಿಜವಾದ ಹೊಲದಲ್ಲಿ ಬಹಳಷ್ಟು ಕಳೆಬೀಜ, ಅದರಲ್ಲೂ ಹುಲ್ಲಿನ ಜಾತಿಯವು, ಕೆಲವೇ ವರ್ಷದಲ್ಲಿ ಮುಗಿಯುತ್ತವೆ. ಬೀಜ ಎಲ್ಲಿ ಬಿದ್ದಿದೆ ಅನ್ನುವುದೇ ಮುಖ್ಯ. ಪಾರ್ಥೇನಿಯಂ ನೋಡಿ. ಆಸ್ಟ್ರೇಲಿಯಾದಲ್ಲಿ ಪರೀಕ್ಷಿಸಿದಾಗ ನೆಲದ ಮೇಲೆಯೇ ಬಿದ್ದ ಅದರ ಬೀಜ ತಿಂಗಳುಗಳಲ್ಲಿ ಖಾಲಿಯಾಯಿತು. ಮಣ್ಣಿನಡಿ ಹೂತ ಬೀಜ ವರ್ಷಗಟ್ಟಲೆ ಉಳಿಯಿತು. ಅಂದರೆ ಹೂವಾಗಿ ಬೀಜ ಉದುರಿಸಿದ ಪಾರ್ಥೇನಿಯಂ ಹೊಲವನ್ನು ತಕ್ಷಣ ಉತ್ತು ಮಗುಚಿದರೆ, ಆ ಬೀಜವನ್ನು ನಾವೇ ಜೋಪಾನವಾಗಿ ಹಗೇವಿಗೆ ಇಳಿಸಿದ ಹಾಗೆ.

ಲೆಕ್ಕ ತಪ್ಪುವುದು ಇಲ್ಲಿ

ಕೃಷಿ ಇಲಾಖೆಯವರನ್ನು ಕೇಳಿ, ವಿಶ್ವವಿದ್ಯಾಲಯದವರನ್ನು ಕೇಳಿ, ಬಿತ್ತಿದ ಮೊದಲ 30ರಿಂದ 45 ದಿನ ಕಳೆ ಇಲ್ಲದಂತೆ ನೋಡಿಕೊಳ್ಳಿ ಅನ್ನುತ್ತಾರೆ. ಸರಿಯಾದ ಮಾತು. ಆ ದಿನಗಳಲ್ಲಿ ಕಳೆ ಇದ್ದರೆ ಇಳುವರಿಗೆ ದೊಡ್ಡ ಪೆಟ್ಟು. ಆಮೇಲೆ ಬೆಳೆ ಎದ್ದು ನಿಂತು ನೆರಳು ಮಾಡುತ್ತದೆ. ತಡವಾಗಿ ಬಂದ ಕಳೆಯಿಂದ ಆ ವರ್ಷದ ಇಳುವರಿಗೆ ಅಷ್ಟೇನೂ ನಷ್ಟವಿಲ್ಲ. ಹಾಗಾಗಿ ಎಲ್ಲರೂ ಕೈ ಬಿಡುತ್ತಾರೆ. ಕೂಲಿ ದುಬಾರಿ, ಆಳು ಸಿಗುವುದಿಲ್ಲ. ಬಿಡುವುದು ಸಹಜ.

ಆದರೆ ಆ ತಡವಾದ ಗಿಡಗಳೇ ಹಗೇವು ತುಂಬುತ್ತವೆ. ಒಂದು ಪಾರ್ಥೇನಿಯಂ ಗಿಡ ಚೆನ್ನಾಗಿ ಬೆಳೆದರೆ 15,000ದಿಂದ 25,000 ಬೀಜ ಕೊಡುತ್ತದೆ. ಒಂದು ಎಕರೆಯಲ್ಲಿ ಬರೀ 100 ಗಿಡ ಉಳಿದವು ಅಂದುಕೊಳ್ಳಿ. ಎಕರೆಗೆ ನೂರು ಗಿಡ ಅಂದರೆ ನಮ್ಮ ಕಣ್ಣಿಗೆ ಹೊಲ ಶುಚಿಯೇ. ಗಿಡಕ್ಕೆ 15,000 ಅಂದರೂ ಒಟ್ಟು 15 ಲಕ್ಷ ಬೀಜ. ಎಕರೆಯ ಸುಮಾರು 4,000 ಚದರ ಮೀಟರಿಗೆ ಹಂಚಿದರೆ ಪ್ರತಿ ಚದರ ಮೀಟರಿಗೆ 370ರಷ್ಟು ಹೊಸ ಬೀಜ. ಎಲ್ಲವೂ ಉಳಿಯುವುದಿಲ್ಲ, ಇರುವೆ ತಿನ್ನುತ್ತದೆ, ಕೊಳೆಯುತ್ತದೆ. ಹತ್ತರಲ್ಲಿ ಒಂದು ಉಳಿದರೂ ಮುಂದಿನ ವರ್ಷಗಳ ಕೂಲಿಯನ್ನು ಈಗಲೇ ಬರೆದಿಟ್ಟ ಹಾಗೆ.

ಈಗ ತಿರುಗಿಸಿ ನೋಡಿ. ಒಂದು ಹೊಲಕ್ಕೆ ಹೊಸ ಬೀಜವೇ ಬೀಳಲಿಲ್ಲ, ಇರುವುದರಲ್ಲಿ ವರ್ಷಕ್ಕೆ ಅರ್ಧ ಮೊಳೆತೋ ಕೊಳೆತೋ ಹೋಯಿತು ಅಂದುಕೊಳ್ಳಿ. ಐದು ವರ್ಷಕ್ಕೆ ಉಳಿಯುವುದು ನೂರಕ್ಕೆ ಮೂರು. ನಡುವೆ ಒಂದೇ ವರ್ಷ ಕಣ್ಣು ತಪ್ಪಿ ಗಿಡಗಳು ಬೀಜ ಕಟ್ಟಿದವೋ, ಮತ್ತೆ ಮೊದಲಿನಿಂದ ಶುರು. ಅರ್ಧ ಅನ್ನುವುದು ಲೆಕ್ಕ ಸುಲಭವಾಗಲೆಂದು ಹಿಡಿದದ್ದು. ಜಾತಿಗೊಂದು ವೇಗವಿದೆ. ಲೆಕ್ಕದ ದಾರಿ ಮಾತ್ರ ಇದೇ.

ಹಾಗಾದರೆ ಇಡೀ ಬೆಳೆಗಾಲ ಆಳು ಹಚ್ಚಬೇಕಾ? ಬೇಡ. ಬೆಳೆ ತೆನೆಗೆ ಬರುವ ಹೊತ್ತಿನಲ್ಲಿ ಒಂದು ಸಲ ಸಾಲಿನುದ್ದ ನಡೆದು, ಬೆಳೆಗಿಂತ ಮೇಲೆದ್ದ, ಹೂವಿಗೆ ಬಂದ ಗಿಡಗಳನ್ನಷ್ಟೇ ಕಿತ್ತು ಚೀಲಕ್ಕೆ ಹಾಕಿ ಹೊರಗೆ ತರಬೇಕು. ಗಿಡ ಕಡಿಮೆ ಇರುವುದರಿಂದ ಕೆಲಸವೂ ಕಡಿಮೆ. ಕಿತ್ತು ಅಲ್ಲೇ ಎಸೆಯಬಾರದು. ಹೂವಾದ ಗಿಡ ಕಿತ್ತ ಮೇಲೂ ಕಾಂಡದಲ್ಲಿರುವ ಸತ್ವದಿಂದ ಬೀಜ ಬಲಿಸಿಕೊಳ್ಳುವುದುಂಟು. ಪಾರ್ಥೇನಿಯಂ ಕೀಳುವವರು ಕೈಗೆ ಗವಸು ಹಾಕಿಕೊಳ್ಳಲಿ, ಚರ್ಮದ ಅಲರ್ಜಿ ಬಂದರೆ ಸುಲಭಕ್ಕೆ ಬಿಡುವುದಿಲ್ಲ.

ಕೊಯ್ಲಾದ ಮೇಲಿನ ತಿಂಗಳು ಇನ್ನೂ ಮೋಸದ್ದು. ರಾಗಿ ಕುಯ್ದು ಮೆದೆ ಹಾಕಿದ ಮೇಲೆ ಹೊಲದ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಬೆಳೆಯ ನೆರಳು ಹೋಗಿರುತ್ತದೆ, ಮಣ್ಣಿನಲ್ಲಿ ಅಷ್ಟಿಷ್ಟು ತೇವ ಇರುತ್ತದೆ. ಅಡಿಯಲ್ಲಿ ಕುಂಟುತ್ತಿದ್ದ ಕಳೆ ಸಂಭ್ರಮದಿಂದ ಎದ್ದು ಬೀಜ ಕಟ್ಟುತ್ತದೆ. ಹಿರಿಯರು ಮಾಗಿ ಉಳುಮೆ ಬಿಡಬೇಡಿ ಅಂತ ಹೇಳುತ್ತಿದ್ದುದರ ಹಿಂದೆ ತೇವ, ಕೀಟದ ಜೊತೆ ಇದೂ ಇದೆ. ಬೀಜ ಕಟ್ಟುವ ಮುಂಚೆ ಒಂದು ಕುಂಟೆ ಹೊಡೆದರೆ ಆಯಿತು. ಬೀಜ ಉದುರಿದ ಮೇಲೆ ಹೊಡೆದರೆ ಮೇಲೆ ಹೇಳಿದ ತಪ್ಪೇ ಆಗುತ್ತದೆ.

ಹಗೇವು ಬರಿದು ಮಾಡುವ ದಾರಿಗಳು

ಬೀಜ ಬೀಳದಂತೆ ತಡೆಯುವುದು ಒಂದು ಕಡೆ. ಇರುವುದನ್ನು ಖರ್ಚು ಮಾಡಿಸುವುದು ಇನ್ನೊಂದು ಕಡೆ. ಅದಕ್ಕೆ ಸರಳ ಉಪಾಯ, ಮೊಳೆಯಲು ಬಿಟ್ಟು ಕೊಲ್ಲುವುದು.

ಹಳೇ ಮೈಸೂರು ಸೀಮೆಯ ರಾಗಿ ರೈತರಿಗೆ ಇದು ಹೊಸದೇನಲ್ಲ. ಭರಣಿ ಮಳೆಗೆ ಒಂದು ಉಳುಮೆ, ಕೃತ್ತಿಕೆಗೆ ಇನ್ನೊಂದು, ರೋಹಿಣಿ ಮೃಗಶಿರಕ್ಕೆ ಮತ್ತೊಂದು. ಬಿತ್ತನೆ ಜುಲೈ ಹೊತ್ತಿಗೆ. ಎತ್ತಿನ ಕಾಲದಲ್ಲಿ ಒಂದೇ ದಿನಕ್ಕೆ ಮುಗಿಯುತ್ತಿರಲಿಲ್ಲ, ಹಾಗಾಗಿ ಉಳುಮೆ ಎರಡು ತಿಂಗಳಿಗೆ ಹರಡುತ್ತಿತ್ತು. ಪ್ರತಿ ಮಳೆಗೆ ಒಂದು ಸುತ್ತು ಕಳೆ ಎದ್ದು, ಮುಂದಿನ ಉಳುಮೆಗೆ ಸಾಯುತ್ತಿತ್ತು. ಈಗ ಟ್ರ್ಯಾಕ್ಟರ್ ಬಾಡಿಗೆಗೆ ಬಂದು ಬಿತ್ತುವ ಹಿಂದಿನ ದಿನ ರೋಟವೇಟರ್ ಹೊಡೆದು ಹೋಗುತ್ತದೆ. ಹೊಲ ಹಿಟ್ಟಿನ ಹಾಗೆ ಚೆಂದ ಕಾಣುತ್ತದೆ. ಆದರೆ ಆ ಮೂರು ಸುತ್ತು ಕಳೆ ಈಗ ಬೆಳೆಯ ಜೊತೆಗೇ ಏಳುತ್ತದೆ. ಜೇಕು, ಗರಿಕೆ ಇರುವ ಹೊಲವಾದರೆ ರೋಟವೇಟರ್ ಅದರ ಗಡ್ಡೆ, ಬೇರನ್ನು ತುಂಡು ಮಾಡಿ ಹೊಲಕ್ಕೆಲ್ಲ ಹಂಚುತ್ತದೆ. ಯಂತ್ರ ಬೇಡ ಅನ್ನುತ್ತಿಲ್ಲ. ಯಂತ್ರವನ್ನೇ ಮೂರು ವಾರ ಮುಂಚೆ ಕರೆಸಿ, ಮಳೆಗೆ ಕಳೆ ಏಳಲು ಬಿಟ್ಟು, ಬಿತ್ತುವ ದಿನ ಬರೀ ಕುಂಟೆಯಲ್ಲಿ ಮೇಲೆ ಮೇಲೆ ಹರಗಿದರೆ ಸಾಕು. ಈ ಕೊನೆಯ ಕೈ ಆಳಕ್ಕೆ ಹೋಗಬಾರದು. ಆಳಕ್ಕೆ ಹೋದರೆ ಕೆಳಗಿನ ಹೊಸ ಬೀಜ ಮೇಲೆ ಬಂದು, ಪಟ್ಟ ಪಾಡೆಲ್ಲ ವ್ಯರ್ಥ.

ಆಳ ಉಳುಮೆಗೂ ಜಾಗವಿದೆ. ಒಂದು ವರ್ಷ ಹುಲ್ಲಿನ ಕಳೆ ಕೈ ಮೀರಿ ಬೀಜ ಉದುರಿಸಿತು ಅನ್ನಿ. ಮಣ್ಣು ಮಗುಚುವ ನೇಗಿಲಿನಲ್ಲಿ ಒಂದೇ ಸಲ ಆಳಕ್ಕೆ ಹೂತು, ಆಮೇಲೆ ಮೂರು ನಾಲ್ಕು ವರ್ಷ ಮೇಲುಳುಮೆಯಲ್ಲೇ ಇರಬೇಕು. ಹುಲ್ಲಿನ ಬೀಜ ಅಷ್ಟರಲ್ಲಿ ಬಹುಪಾಲು ಕೊಳೆಯುತ್ತದೆ. ಪ್ರತಿ ವರ್ಷ ಆಳ ಉಳುಮೆ ಮಾಡಿದರೆ ಹೋದ ವರ್ಷ ಹೂತದ್ದು ಈ ವರ್ಷ ಮೇಲೆ.

ಬೀಜ ನೆಲದ ಮೇಲೆ ಇದ್ದಷ್ಟು ದಿನ ನಮ್ಮ ಪರವಾಗಿ ದುಡಿಯುವವರು ಬೇರೆಯೇ ಇದ್ದಾರೆ. ಹೊಲದಲ್ಲಿ ಇರುವೆ ಗೂಡಿನ ಬಾಯಿಯ ಸುತ್ತ ಹುಲ್ಲುಬೀಜದ ಹೊಟ್ಟು ಗುಡ್ಡೆ ಬಿದ್ದಿರುವುದನ್ನು ನೋಡಿರುತ್ತೀರಿ. ನೆಲದ ದುಂಬಿಗಳು, ಹಕ್ಕಿಗಳು, ಇಲಿಗಳೂ ತಿನ್ನುತ್ತವೆ. ಕಸ ಕಡ್ಡಿ ಸುಡದೆ ಹೊದಿಕೆ ಬಿಟ್ಟ ಹೊಲದಲ್ಲಿ ಇವು ಜಾಸ್ತಿ. ಹುರುಳಿ, ಸೆಣಬು, ಅಲಸಂದೆಯಂತಹ ಒತ್ತಾಗಿ ಹಬ್ಬುವ ಬೆಳೆ ಒಂದು ಋತು ಬೆಳೆದರೆ ಮಣ್ಣಿಗೆ ಬೆಳಕೇ ಬೀಳುವುದಿಲ್ಲ. ಮೊಳೆತ ಕಳೆಯೂ ಬೀಜ ಕಟ್ಟುವಷ್ಟು ಬೆಳೆಯುವುದಿಲ್ಲ.

ತರಕಾರಿ ಸಸಿಮಡಿ ಮಾಡುವವರಿಗೆ ಬಿಸಿಲಿನ ಉಪಾಯ ಚೆನ್ನಾಗಿದೆ. ಏಪ್ರಿಲ್ ಮೇ ತಿಂಗಳಲ್ಲಿ ಮಡಿಗೆ ನೀರು ಕೊಟ್ಟು, 25ರಿಂದ 50 ಮೈಕ್ರಾನ್‌ನ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ ಅಂಚಿಗೆ ಮಣ್ಣು ಮುಚ್ಚಿ ನಾಲ್ಕರಿಂದ ಆರು ವಾರ ಬಿಡುವುದು. ಮೇಲ್ಪದರದ ಬೀಜ ಬೆಂದು ಹೋಗುತ್ತದೆ. ಜೇಕಿನ ಗಡ್ಡೆ ಮಾತ್ರ ಇದಕ್ಕೆ ಸುಲಭಕ್ಕೆ ಬಗ್ಗುವುದಿಲ್ಲ. ಎಕರೆಗಟ್ಟಲೆ ಹೊಲಕ್ಕೆ ಈ ಖರ್ಚು ಕೈಗೆಟುಕದು.

ಹಿಂಬಾಗಿಲು

ನಮ್ಮ ಹೊಲಕ್ಕೆ ಪಾರ್ಥೇನಿಯಂ ಜೋರಾಗಿ ಬಂದದ್ದು ಕೊಂಡು ತಂದ ತಿಪ್ಪೆ ಗೊಬ್ಬರದಿಂದ. ಅರ್ಧ ಕೊಳೆತ ಗೊಬ್ಬರ. ಸುರಿದ ಜಾಗದಲ್ಲಿ ಇವತ್ತಿಗೂ ದಟ್ಟವಾಗಿ ಏಳುತ್ತದೆ. ದನ ಕುರಿ ತಿಂದ ಬೀಜದಲ್ಲಿ ಗಟ್ಟಿ ಸಿಪ್ಪೆಯವು ಹೊಟ್ಟೆ ದಾಟಿ ಜೀವಂತ ಹೊರಬರುತ್ತವೆ. ತಿಪ್ಪೆ ಚೆನ್ನಾಗಿ ಕಾದರೆ, ಅಂದರೆ 55ರಿಂದ 60 ಡಿಗ್ರಿ ಬಿಸಿ ಹಲವು ದಿನ ನಿಂತರೆ, ಬಹಳಷ್ಟು ಬೀಜ ಸಾಯುತ್ತವೆ. ಆದರೆ ನಮ್ಮ ತಿಪ್ಪೆ ಕಾಯುವುದು ನಡುವೆ ಮಾತ್ರ. ಅಂಚಿನದು ತಣ್ಣಗೇ ಇರುತ್ತದೆ. ತೇವ ನೋಡಿಕೊಂಡು ಎರಡು ಮೂರು ಸಲ ಮಗುಚಿ, ಅಂಚಿನದನ್ನು ನಡುವೆ ಹಾಕಬೇಕು. ಮಗುಚಲು ಆಗದಿದ್ದರೆ ಬೀಜ ಕಟ್ಟಿದ ಕಳೆಯನ್ನು ತಿಪ್ಪೆಗೆ ಹಾಕಲೇಬೇಡಿ. ಕುರಿ ಮಂದೆ ನಿಲ್ಲಿಸಿದರೆ ಗೊಬ್ಬರ ಒಳ್ಳೆಯದೇ, ಅದರ ಜೊತೆ ಹತ್ತಾರು ಊರಿನ ಬೀಜವೂ ಬರುತ್ತದೆ ಅಂತ ತಿಳಿದು ನಿಲ್ಲಿಸಬೇಕು. ಬಾಡಿಗೆಗೆ ಬರುವ ಕೊಯ್ಲು ಯಂತ್ರವೂ ಹಾಗೇ. ಬೇರೆ ಜಿಲ್ಲೆ, ಬೇರೆ ರಾಜ್ಯದ ಗದ್ದೆಯಿಂದ ನೇರ ನಮ್ಮ ಗದ್ದೆಗೆ ಇಳಿಯುತ್ತದೆ. ಇಳಿಸುವ ಮುಂಚೆ ಗುಡಿಸಿ, ಗಾಳಿ ಊದಿ ಶುಚಿ ಮಾಡಿ ಅಂತ ಕೇಳುವುದರಲ್ಲಿ ಸಂಕೋಚ ಬೇಡ.

ಆಸ್ಟ್ರೇಲಿಯಾದ ರೈತರು ಕೊಯ್ಲು ಯಂತ್ರವನ್ನೇ ಉಲ್ಟಾ ಬಳಸಿದ್ದಾರೆ. ಗೋಧಿಯ ಜೊತೆ ಕಳೆಬೀಜವೂ ಯಂತ್ರದೊಳಗೆ ಬರುತ್ತದಲ್ಲ, ಅದನ್ನು ಹೊಟ್ಟಿನ ಜೊತೆ ಮತ್ತೆ ಹೊಲಕ್ಕೆ ಯಾಕೆ ಚೆಲ್ಲಬೇಕು ಅಂತ ಕೇಳಿಕೊಂಡರು. ಪಶ್ಚಿಮ ಆಸ್ಟ್ರೇಲಿಯಾದ ರೇ ಹ್ಯಾರಿಂಗ್ಟನ್ ಎಂಬ ರೈತ ಹೊಟ್ಟಿನಲ್ಲಿರುವ ಬೀಜವನ್ನು ಅಲ್ಲೇ ಪುಡಿ ಮಾಡುವ ಗಿರಣಿ ಕಟ್ಟಿದ. ನಮ್ಮ ಸಣ್ಣ ಹಿಡುವಳಿಗೆ ಆ ಯಂತ್ರ ಸರಿಹೋಗದು. ಆದರೆ ಕಣದಲ್ಲಿ ತೂರಿದ ಹೊಟ್ಟು, ಜರಡಿ ಹಿಡಿದ ಕಸವನ್ನು ಹೊಲಕ್ಕೆ ಎಸೆಯದಿರುವುದು ಅದೇ ಬುದ್ಧಿ, ಅಲ್ವಾ?

ಔಷಧಿ ಎಲ್ಲಿ ಸೋಲುತ್ತದೆ

ಬಿತ್ತಿದ ಕೂಡಲೇ ಹೊಡೆಯುವ ಕಳೆನಾಶಕ ಮೊಳಕೆ ಒಡೆಯುವ ಬೀಜವನ್ನು ಕೊಲ್ಲುತ್ತದೆ. ನಿದ್ದೆಯಲ್ಲಿರುವ ಬೀಜಕ್ಕೆ ಅದು ಏನೂ ಮಾಡುವುದಿಲ್ಲ. ಎದ್ದ ಗಿಡಕ್ಕೆ ಹೊಡೆಯುವ ಗ್ಲೈಫೋಸೇಟ್ ಮಣ್ಣು ಸೇರಿದರೆ ನಿಷ್ಕ್ರಿಯ, ಕೆಳಗಿನ ಬೀಜಕ್ಕೆ ತಟ್ಟುವುದೇ ಇಲ್ಲ. ಅದರ ಬಳಕೆಯನ್ನು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಕೀಟ ನಿಯಂತ್ರಣ ಪರವಾನಗಿ ಇರುವವರಿಗೆ ಮಾತ್ರ ಸೀಮಿತಗೊಳಿಸಿತ್ತು.

ಇನ್ನೂ ದೊಡ್ಡ ಅಪಾಯ, ಹಗೇವಿಗೆ ನೆನಪಿದೆ. ಹರಿಯಾಣ, ಪಂಜಾಬಿನ ಗೋಧಿ ಹೊಲಗಳಲ್ಲಿ ಫಲಾರಿಸ್ ಮೈನರ್ ಎಂಬ ಹುಲ್ಲಿಗೆ ವರ್ಷಗಟ್ಟಲೆ ಒಂದೇ ಔಷಧಿ, ಐಸೊಪ್ರೊಟುರಾನ್, ಹೊಡೆದರು. 1990ರ ದಶಕದ ಮೊದಲ ವರ್ಷಗಳಲ್ಲೇ ಅದಕ್ಕೆ ಜಗ್ಗದ ಗಿಡಗಳು ಎದ್ದವು. ಬದುಕಿದ ಗಿಡಗಳೇ ಬೀಜ ಉದುರಿಸಿದವು. ಮಣ್ಣಿನಲ್ಲಿ ಅಂಥ ಬೀಜವೇ ತುಂಬಿತು.

ಈಗ ಭತ್ತದಲ್ಲಿ ಇದೇ ದಾರಿ ಕಾಣುತ್ತಿದೆ ಅನ್ನುವುದು ನನ್ನ ಭಯ. ರಾಯಚೂರು, ಕೊಪ್ಪಳದ ತುಂಗಭದ್ರಾ ಅಚ್ಚುಕಟ್ಟಿನಲ್ಲಿ ನೀರು, ಕೂಲಿ ಉಳಿಸಲು ನಾಟಿ ಬಿಟ್ಟು ಕೂರಿಗೆ ಭತ್ತ, ಅಂದರೆ ಕೂರಿಗೆಯಲ್ಲಿ ನೇರವಾಗಿ ಬಿತ್ತುವ ಭತ್ತ, ಹಿಡಿದವರು ಬಹಳ. ನಿಂತ ನೀರು ಕಳೆಬೀಜಕ್ಕೆ ಉಸಿರು ಕಟ್ಟಿಸುತ್ತಿತ್ತು. ನೀರು ಹೋದರೆ ಹಗೇವಿನ ಬಾಗಿಲು ತೆರೆದ ಹಾಗೆ. ಅದರಲ್ಲೂ ಕಾಡು ಭತ್ತ ಥೇಟ್ ಭತ್ತದ ಹಾಗೇ ಇರುತ್ತದೆ, ಕೊಯ್ಲಿಗೆ ಮುಂಚೆಯೇ ಕಾಳು ಉದುರಿಸಿ ಬಿಡುತ್ತದೆ. 2024ರಲ್ಲಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ಇಮಾಜೆಥಾಪೈರ್ ಕಳೆನಾಶಕ ತಡೆದುಕೊಳ್ಳುವ ಎರಡು ಬಾಸ್ಮತಿ ತಳಿ ಬಿಡುಗಡೆ ಮಾಡಿತು. ಕೂರಿಗೆ ಭತ್ತಕ್ಕೆ ಅನುಕೂಲ, ನಿಜ. ಆದರೆ ಅಮೆರಿಕದಲ್ಲಿ ಇದೇ ಗುಂಪಿನ ಔಷಧಿ ತಡೆಯುವ ಭತ್ತ ಬಂದ ಕೆಲವೇ ವರ್ಷಗಳಲ್ಲಿ ಕಾಡು ಭತ್ತಕ್ಕೂ ಆ ಗುಣ ಸೇರಿಕೊಂಡಿತು. ಒಮ್ಮೆ ಅಂಥ ಬೀಜ ಹಗೇವು ಸೇರಿದರೆ ಔಷಧಿಯ ಆಟ ಮುಗಿಯಿತು. ತಳಿಯ ಜೊತೆಗೇ ಶುದ್ಧ ಬೀಜ, ಎರಡು ಮೂರು ವರ್ಷಕ್ಕೊಮ್ಮೆ ನಾಟಿ ಅಥವಾ ಬೇರೆ ಬೆಳೆ, ಬಿತ್ತುವ ಮುಂಚೆ ಮೊಳೆಸಿ ಕೊಲ್ಲುವುದು, ಇವನ್ನೂ ಹೇಳಿಕೊಡದಿದ್ದರೆ ತಪ್ಪಾಗುತ್ತದೆ. ಛತ್ತೀಸ್‌ಗಢದಲ್ಲಿ ಇದಕ್ಕೆ ಬೇರೆ ಜಾಣ್ಮೆ ಇದೆ. ಶ್ಯಾಮಲಾ ಎಂಬ ನೇರಳೆ ಬಣ್ಣದ ಭತ್ತ ಬಿತ್ತುತ್ತಾರೆ. ಗದ್ದೆಯಲ್ಲಿ ಹಸಿರಾಗಿ ಕಂಡದ್ದೆಲ್ಲ ಕಾಡು ಭತ್ತ, ಕಿತ್ತು ಹಾಕು.

ನಿದ್ದೆಯಲ್ಲಿರುವ ಬೀಜವನ್ನು ಮೋಸ ಮಾಡಿ ಎಬ್ಬಿಸುವ ದಾರಿಯೂ ಉಂಟು. ಉತ್ತರ ಕರ್ನಾಟಕದ ಜೋಳದ ಬೇರಿಗೆ ಅಂಟಿ ಸತ್ವ ಹೀರುವ ಸ್ಟ್ರೈಗಾ ಕಳೆಯ ಬೀಜ ಧೂಳಿನಷ್ಟು ಸಣ್ಣದು. ಒಂದು ಗಿಡಕ್ಕೆ ಹತ್ತಾರು ಸಾವಿರ. ಮಣ್ಣಿನಲ್ಲಿ ಹತ್ತು ವರ್ಷಕ್ಕೂ ಮೇಲೆ ಬದುಕುತ್ತದೆ. ಜೋಳದ ಬೇರು ಸೂಸುವ ಒಂದು ರಸಾಯನದ ಸುಳಿವು ಸಿಗುವ ತನಕ ಮೊಳೆಯುವುದಿಲ್ಲ. ಹತ್ತಿ, ಅಲಸಂದೆ, ಶೇಂಗಾದ ಬೇರುಗಳೂ ಆ ಸುಳಿವು ಕೊಡುತ್ತವೆ. ಬೀಜ ಮೊಳೆಯುತ್ತದೆ. ಆದರೆ ಆ ಬೇರಿಗೆ ಅಂಟಲು ಅದಕ್ಕೆ ಆಗುವುದಿಲ್ಲ. ಕೆಲವೇ ದಿನದಲ್ಲಿ ಹಸಿದು ಸಾಯುತ್ತದೆ. ಜೋಳದ ಮೇಲೆ ಜೋಳ ಹಾಕದೆ ನಡುವೆ ಇವನ್ನು ತಿರುಗಿಸಿ ಬೆಳೆದರೆ ಹಗೇವು ನಿಧಾನಕ್ಕೆ ಬರಿದಾಗುತ್ತದೆ.

ನಿಮ್ಮ ಹೊಲದಡಿ ಏನಿದೆ ಅಂತ ನೋಡುವುದು ಕಷ್ಟವಲ್ಲ. ಬೇಸಿಗೆಯಲ್ಲಿ ಹೊಲದ ಹದಿನೈದು ಇಪ್ಪತ್ತು ಕಡೆ ಮೇಲಿನ ನಾಲ್ಕು ಅಂಗುಲ ಮಣ್ಣು ತೆಗೆಯಿರಿ. ಬದುವಿನ ಪಕ್ಕದ್ದು, ಗೊಬ್ಬರ ಸುರಿದಲ್ಲಿನದು, ನಡುಹೊಲದ್ದು ಬೇರೆ ಬೇರೆ ಇರಲಿ. ಸಸಿ ಟ್ರೇ ಅಥವಾ ಹಳೇ ಬುಟ್ಟಿಯಲ್ಲಿ ಒಂದು ಅಂಗುಲ ದಪ್ಪಕ್ಕೆ ಹರಡಿ, ದಿನಾ ನೀರು ಚಿಮುಕಿಸಿ. ಎದ್ದದ್ದನ್ನು ಎಣಿಸಿ ಕಿತ್ತು, ಎರಡು ವಾರಕ್ಕೊಮ್ಮೆ ಮಣ್ಣು ಕೆದಕಿ, ಎರಡು ತಿಂಗಳು ನಡೆಸಿ. ನಿದ್ದೆಯಲ್ಲಿರುವುದೆಲ್ಲ ಏಳುವುದಿಲ್ಲ, ಆದರೂ ಯಾವ ಮೂಲೆಯಲ್ಲಿ ಯಾವ ಕಳೆ ಅಂತ ಗೊತ್ತಾಗುತ್ತದೆ. ನಾವು ಮಾಡಿದಾಗ ನಡುಹೊಲದ ಟ್ರೇಯಲ್ಲಿ ಅಲ್ಲೊಂದು ಇಲ್ಲೊಂದು ಎದ್ದಿತ್ತು. ಬದುವಿನ ಪಕ್ಕದ್ದರಲ್ಲೂ ಗೊಬ್ಬರ ಸುರಿದ ಜಾಗದ್ದರಲ್ಲೂ ಮಣ್ಣೇ ಕಾಣದಷ್ಟು ಪಾರ್ಥೇನಿಯಂ. ಈ ಸಲ ಎರಡನೇ ಸುತ್ತಿನ ಆಳನ್ನು ಇಡೀ ಹೊಲಕ್ಕೆ ಬಿಡುವುದಿಲ್ಲ. ರಾಗಿ ತೆನೆಗೆ ಬಂದಾಗ ಆ ಎರಡು ಕಡೆ ಮಾತ್ರ ಚೀಲ ಹಿಡಿದು ಇಳಿಯುತ್ತೇವೆ. ಪಕ್ಕದ ಹೊಲದ ಹಿರಿಯರೂ ತಮ್ಮ ಬದುವಿನ ಮಗ್ಗುಲು ಅದೇ ವಾರ ಕೀಳಿಸುತ್ತೇನೆ ಅಂದಿದ್ದಾರೆ.